ನಾರ್ಮರ್‌ನನ್ನು ಯಾರೂ ಫೇರೋ ಎನ್ನಲಿಲ್ಲ

ಕಳೆದ ಸಂಚಿಕೆಯ ಲೇಖನ ಈಜಿಪ್ಟಿನ ಆದಿಕಾಲದ ದೊರೆ ನಾರ್ಮರ್‌ನಿಂದ ಕ್ಲಿಯೋಪಾತ್ರಾವರೆಗೆ ಎಲ್ಲರಿಗೂ ‘ಫೇರೋ’ ಬಿರುದು ಅಂಟಿಸಿ, ಅಲ್ಲಿ ದೊರೆಯಾಗಿ ಆಳಿದ ಹೆಣ್ಣು ಹತ್ಶೆಪ್ಸುತ್ ಗಂಡಸರ ಬಿರುದು ಕದ್ದವಳೆಂದು ಷರಾ ಬರೆದಿದೆ.

‘ಫೇರೋ’ ಪದದ ಮೂಲವಾದ ‘ಪೆರ್-ಆ’ ಎಂದರೆ ದೊಡ್ಡ ಮನೆ. ‘ಅರಮನೆಯ ಅಪ್ಪಣೆ’ ಅನ್ನುವುದಿಲ್ಲವೇ, ಹಾಗೆ. ಅದು ದೊರೆಯನ್ನೇ ಸೂಚಿಸತೊಡಗಿದ್ದು ಹೊಸ ಸಾಮ್ರಾಜ್ಯದ ಕಾಲದಲ್ಲಿ, ನಾರ್ಮರ್ ಸತ್ತು 1500 ವರ್ಷ ಕಳೆದ ಮೇಲೆ. ದೊರೆಯ ಅಧಿಕೃತ ಐದು ನಾಮಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹೋರಸ್ ನಾಮ, ಇಬ್ಬರು ದೇವಿಯರ ನಾಮ, ಚಿನ್ನದ ಹೋರಸ್ ನಾಮ, ಆಮೇಲೆ ಪಟ್ಟದ ಹೆಸರು, ಹುಟ್ಟುಹೆಸರು. ಹೆಸರನ್ನು ಬಳಸುವ ಕಾರ್ಟೂಷ್ ಎಂಬ ಹಗ್ಗದ ಸುತ್ತು ಕೊನೆಯ ಎರಡಕ್ಕೆ ಮಾತ್ರ. ಲೇಖನದ ಜೊತೆ ಅಚ್ಚಾದ ಚಿತ್ರವನ್ನೇ ನೋಡಿ: ಮೇಲೆ ಸೂರ್ಯಬಿಂಬ, ನಡುವೆ ಜೀರುಂಡೆ, ಅದರಡಿ ಮೂರು ಗೀಟು, ತಳದಲ್ಲಿ ಬುಟ್ಟಿ. ಅಡಿಬರಹ ‘ಟುಟಂಕಾಮುನ್’ ಅನ್ನುತ್ತದೆ. ಅಲ್ಲಿರುವುದು ‘ನೆಬ್‌ಖೆಪೆರುರೆ’, ಅವನ ಪಟ್ಟದ ಹೆಸರು!

ಇನ್ನು ಕಳ್ಳತನದ ಮಾತು. ಹತ್ಶೆಪ್ಸುತ್ ಶಿಲ್ಪಗಳಲ್ಲಿ ಗಡ್ಡ ಕಟ್ಟಿಕೊಂಡದ್ದು ನಿಜ. ಬಿರುದಿನಲ್ಲಿ ಮಾತ್ರ ‘ರಾ ದೇವನ ಮಗ’ ಎಂಬಲ್ಲಿ ಹಲವೆಡೆ ‘ಮಗಳು’ ಎಂದೇ ಬರೆಸಿದಳು. ತಂದೆಯ, ಗಂಡನ ಹೋರಸ್ ನಾಮಗಳಲ್ಲಿ ಮೆರೆಯುವ ‘ಬಲಿಷ್ಠ ಗೂಳಿ’ಯನ್ನು ತನ್ನ ಹೆಸರಿನ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. ಕದ್ದವಳು ಇಷ್ಟು ರಾಜಾರೋಷವಾಗಿ, ಕಲ್ಲಿನ ಮೇಲೆ, ಸ್ತ್ರೀಲಿಂಗದ ಪ್ರತ್ಯಯ ಕೆತ್ತಿಸುತ್ತಾಳೆಯೇ?