ಹಿಂಚಕ್ರ ಕುಣಿದರೆ ಚಾಲಕನನ್ನೇ ದೂರಬೇಡಿ

ನಮ್ಮ ಸಂಘದ ಸದಸ್ಯರಲ್ಲಿ ಪಿಕಪ್ಪೋ ಜೀಪೋ ಇಲ್ಲದ ಮನೆ ಈಗ ವಿರಳ. ಕಾಫಿ ಕ್ಯೂರಿಂಗಿಗೆ ಹೋಗುವುದು ಅದರಲ್ಲೇ, ಅಡಿಕೆ ಮಂಡಿಗೆ ಹೋಗುವುದು ಅದರಲ್ಲೇ. ಹಣ್ಣು ಕೊಯ್ಲಿನ ಕಾಲಕ್ಕೆ ರೋಣ, ಗಜೇಂದ್ರಗಡದ ಕಡೆಯಿಂದ ಬರುವ ಕೆಲಸಗಾರರ ಗಂಟುಮೂಟೆಯನ್ನು ತರುವುದೂ ಅದೇ ಗಾಡಿ. ಅವರನ್ನು ಊರಿಗೆ ಮುಟ್ಟಿಸಿ ಹಿಂದಿರುಗುವಾಗ ಆ ಸೀಮೆಯ ಜೋಳದ ಕಣಿಕೆ, ಕುರಿಗೊಬ್ಬರ ಹೇರಿಕೊಂಡು ಬರುವುದೂ ಅದೇ ಗಾಡಿ. ಇಷ್ಟು ದುಡಿಯುವ ವಾಹನದ ಬಗ್ಗೆ ಸಂಘದ ಕಚೇರಿಯಲ್ಲಿ ಪದೇ ಪದೇ ಕೇಳಿಬರುವ ದೂರು ಒಂದೇ: "ಹಿಂದಿನ ಚಕ್ರ ಕುಣಿಯುತ್ತದೆ."

ಈ ದೂರಿಗೆ ಮೂರು ಸಿದ್ಧ ಉತ್ತರಗಳಿವೆ. ಮಾಲೀಕರ ಪ್ರಕಾರ ಚಾಲಕನ ಕಾಲು ಸರಿಯಿಲ್ಲ. ಚಾಲಕನ ಪ್ರಕಾರ ರಸ್ತೆ ಸರಿಯಿಲ್ಲ. ಗ್ಯಾರೇಜಿನವರ ಪ್ರಕಾರ ಶಾಕ್ ಅಬ್ಸಾರ್ಬರ್ ಹೋಗಿದೆ. ಮೂವರೂ ಗಾಡಿಯ ಕೆಳಗೆ ಬಗ್ಗಿ ನೋಡಿರುವುದಿಲ್ಲ. ಕೊನೆಗೆ ಶಾಕ್ ಬದಲಾಗುತ್ತದೆ, ಕುಣಿತ ನಿಲ್ಲುವುದಿಲ್ಲ, ತಿಂಗಳೊಪ್ಪತ್ತಿನಲ್ಲಿ ಜಾಯಿಂಟ್ ಕ್ರಾಸ್ ಮುರಿಯುತ್ತದೆ, ಅದರ ಖರ್ಚನ್ನು ಚಾಲಕನ ಸಂಬಳದಲ್ಲಿ ಹಿಡಿದುಕೊಳ್ಳುವವರೂ ನಮ್ಮಲ್ಲಿದ್ದಾರೆ. ಇದು ನ್ಯಾಯವಲ್ಲ ಎಂದು ಹೇಳುವುದಕ್ಕಾಗಿಯೇ ಈ ಲೇಖನ.

ರೋಣದಲ್ಲಿ ಒಬ್ಬ ಹಿರಿಯ ಮೆಕ್ಯಾನಿಕರು ಹೇಳಿದ ಮಾತು ನನಗೆ ಬಹಳ ಹಿಡಿಸಿತು: "ಎಲ್ಲಿ ಕುಣೀತೈತಿ ಅನ್ನೂದು ಆಮ್ಯಾಲ ನೋಡೂಣ್ರಿ, ಯಾವಾಗ ಕುಣೀತೈತಿ ಅನ್ನೂದನ್ನ ಮೊದಲ ಹೇಳ್ರಿ." ರೋಗ ಪತ್ತೆಯ ಮೂಲಸೂತ್ರವೇ ಇದು.

ಮೊದಲು ಕಾರಣ ತಿಳಿಯೋಣ. ಹಿಂಚಕ್ರಕ್ಕೆ ಶಕ್ತಿ ಹೋಗುವ ನಮ್ಮ ಪಿಕಪ್ಪುಗಳಲ್ಲಿ, 2014ರವರೆಗೆ ತಯಾರಾದ ಅಂಬಾಸಡರ್ ಕಾರಿನಲ್ಲಿ, 2019ರಲ್ಲಿ ನಿಂತ ಮಾರುತಿ ಓಮ್ನಿಯಲ್ಲಿ, ಹಿಂದಿನ ಹೌಸಿಂಗನ್ನು ಹಿಡಿದಿಟ್ಟಿರುವುದು ಎರಡು ಬ್ಲೇಡು ಸೆಟ್ಟುಗಳು ಮಾತ್ರ. ಅವು ಭಾರ ಹೊರಬೇಕು, ಹೌಸಿಂಗು ಅತ್ತಿತ್ತ ಸರಿಯದಂತೆ ನೋಡಿಕೊಳ್ಳಬೇಕು, ಜೊತೆಗೆ ಎಂಜಿನ್ನಿನ ತಿರುಚನ್ನೂ ತಡೆಯಬೇಕು. ಮೊದಲನೆಯ ಗೇರಿನಲ್ಲಿ ಸುಮಾರು 4 ಪಟ್ಟು, ಕ್ರೌನ್ ಪಿನಿಯನ್ನಿನಲ್ಲಿ ಮತ್ತೆ ಸುಮಾರು 4 ಪಟ್ಟು, ಒಟ್ಟು ಹದಿನಾರು ಪಟ್ಟು ಬಲ ಚಕ್ರಕ್ಕೆ ತಲುಪುತ್ತದೆ. ಚಕ್ರ ಮುಂದಕ್ಕೆ ಉರುಳಲು ಹೊರಟಾಗ ಹೌಸಿಂಗು ಹಿಮ್ಮುಖವಾಗಿ ತಿರುಗಲು ನೋಡುತ್ತದೆ. ಅದರ ಮೂತಿ ಮೇಲೇಳುತ್ತದೆ, ಬ್ಲೇಡುಗಳು ಹಾವಿನಂತೆ ಬಾಗುತ್ತವೆ. ಒದ್ದೆ ಏರಿನಲ್ಲಿ ಟೈರು ಹಿಡಿತ ತಪ್ಪಿದೊಡನೆ ಬಾಗಿದ ಬ್ಲೇಡು ಚಿಮ್ಮಿ ನೇರವಾಗುತ್ತದೆ, ಟೈರು ನೆಲಕ್ಕೆ ಅಪ್ಪಳಿಸಿ ಮತ್ತೆ ಹಿಡಿಯುತ್ತದೆ, ಬ್ಲೇಡು ಮತ್ತೆ ಬಾಗುತ್ತದೆ. ಇದು ಸೆಕೆಂಡಿಗೆ ಹತ್ತರ ಆಸುಪಾಸು ಬಾರಿ ನಡೆಯುತ್ತದೆ. ಒಳಗೆ ಕುಳಿತವರಿಗೆ ಧಡಧಡ ಎಂಬ ಸದ್ದು. ಕ್ರಾಸ್, ಹಾಫ್ ಶಾಫ್ಟ್, ಸೆಂಟರ್ ಬೋಲ್ಟುಗಳಿಗೆ ಸುತ್ತಿಗೆಯ ಪೆಟ್ಟು.

ಇನ್ನೊಂದು ಕುಣಿತ ರೋಣದ ದಾರಿಯದು. ಅಲ್ಲಿಯದು ಎರೆಭೂಮಿ, ಮಳೆಯಲ್ಲಿ ಅಂಟು, ಬೇಸಿಗೆಯಲ್ಲಿ ಕಲ್ಲು. ಹೊಲದ ಕಡೆಯ ಗರಸಿನ ದಾರಿಗಳ ಮೇಲೆ ಅಡ್ಡಡ್ಡ ಅಲೆಗಳು ಎದ್ದಿರುತ್ತವೆ. ಅಲ್ಲಿ ಏರಿಲ್ಲ, ಎಂಜಿನ್ನಿನ ತಿರುಚೂ ಹೆಚ್ಚಿಲ್ಲ. ಆದರೂ ಖಾಲಿ ಗಾಡಿಯ ಹಿಂಭಾಗ ಕುಣಿಯುತ್ತದೆ. ಅದಕ್ಕೆ ಕಾರಣ ಚಕ್ರ ಮತ್ತು ಹೌಸಿಂಗಿನ ಪುಟಿತವನ್ನು ಶಾಕ್ ಅಬ್ಸಾರ್ಬರ್ ಅಡಗಿಸದೆ ಇರುವುದು, ಇಲ್ಲವೆ ಟೈರಿನಲ್ಲಿ ಗಾಳಿ ಮಿತಿಮೀರಿರುವುದು. ಆ ಅಲೆಗಳನ್ನು ಎಬ್ಬಿಸಿದ್ದು ಹೀಗೆ ಪುಟಿಯುತ್ತ ಓಡಿದ ಚಕ್ರಗಳೇ ಎಂಬುದನ್ನೂ ಮರೆಯಬಾರದು. ಗಾಡಿ ರಸ್ತೆಯನ್ನು ಕೆಡಿಸುತ್ತದೆ, ಕೆಟ್ಟ ರಸ್ತೆ ಮುಂದಿನ ಗಾಡಿಯನ್ನು ಕುಣಿಸುತ್ತದೆ.

ಎರಡು ರೋಗಕ್ಕೂ ನಾವು ಇಟ್ಟಿರುವುದು ಒಂದೇ ಹೆಸರು. ಕೊಡುವುದು ಒಂದೇ ಮದ್ದು. ತೊಂದರೆ ಇರುವುದು ಇಲ್ಲಿಯೇ. ಹೆಚ್ಚು ಕಣಿಕೆ ಹೇರಲೆಂದು ಒಂದು ಬ್ಲೇಡು ಜಾಸ್ತಿ ಹಾಕಿಸಿದರೆ, ತೋಟದ ಏರಿನಲ್ಲಿ ತಿರುಚು ಸ್ವಲ್ಪ ಕಡಿಮೆಯಾದೀತು. ಆದರೆ ಖಾಲಿ ಗಾಡಿ ರೋಣದ ದಾರಿಯಲ್ಲಿ ಚೆಂಡಿನಂತೆ ಪುಟಿಯುತ್ತದೆ. ಮೆತ್ತಗಿರಲಿ ಎಂದು ಒಂದು ಬ್ಲೇಡು ತೆಗೆಸಿದರೆ ಅಲ್ಲಿ ಸುಖ, ಇಲ್ಲಿ ಏರಿನಲ್ಲಿ ಕುಣಿತ ದುಪ್ಪಟ್ಟು. ಆದ್ದರಿಂದ ಕಂಪನಿ ಕೊಟ್ಟ ಬ್ಲೇಡಿನ ಲೆಕ್ಕವನ್ನು ಬದಲಿಸುವ ಮುನ್ನ, ಇರುವ ಬ್ಲೇಡುಗಳು ಸರಿಯಾಗಿ ಬಿಗಿದಿವೆಯೇ ಎಂದು ನೋಡುವುದು ಬುದ್ಧಿವಂತಿಕೆ.

ಸದಸ್ಯರು ತಮ್ಮ ಚಾಲಕರೊಡನೆ ಕುಳಿತು ಈ ಪ್ರಶ್ನೆಗಳನ್ನು ಕೇಳಿಕೊಳ್ಳಲಿ.

ಒಂದು: ಆಕ್ಸಿಲೇಟರ್ ಒತ್ತಿದಾಗ ಮಾತ್ರ ಕುಣಿದು, ಬಿಟ್ಟೊಡನೆ ನಿಲ್ಲುತ್ತದೆಯೇ? ಹಾಗಾದರೆ ಅದು ತಿರುಚಿನ ಕುಣಿತ. ಯು ಬೋಲ್ಟು, ಸೆಂಟರ್ ಬೋಲ್ಟು, ಬ್ಲೇಡಿನ ಬುಷ್, ಶ್ಯಾಕಲ್, ಬ್ಲೇಡುಗಳನ್ನು ಒಟ್ಟಿಗೆ ಹಿಡಿದಿರುವ ಕ್ಲಿಪ್ಪುಗಳನ್ನು ನೋಡಬೇಕು.

ಎರಡು: ಗುಂಡಿ ಹಾರಿದ ಮೇಲೆ, ಆಕ್ಸಿಲೇಟರ್ ಬಿಟ್ಟರೂ ಕುಣಿಯುತ್ತಲೇ ಇರುತ್ತದೆಯೇ? ಆಗ ಶಾಕ್ ಅಬ್ಸಾರ್ಬರನ್ನು ಸಂಶಯಿಸಬಹುದು. ಅದರ ಮೈಮೇಲೆ ಎಣ್ಣೆ ಇಳಿದಿದೆಯೇ, ಅದರ ರಬ್ಬರು ಸವೆದಿದೆಯೇ ನೋಡಿ. ಗಾಡಿಯ ಹಿಂಭಾಗವನ್ನು ಒತ್ತಿ ಬಿಟ್ಟಾಗ ಒಂದು ಬಾರಿ ಎದ್ದು ನಿಲ್ಲಬೇಕು. ತೂಗುತ್ತಲೇ ಇದ್ದರೆ ಶಾಕ್ ಸತ್ತಿದೆ. ಗಡುಸು ಬ್ಲೇಡಿನ ಖಾಲಿ ಪಿಕಪ್ಪನ್ನು ಕೈಯಿಂದ ಒತ್ತಿದರೆ ಏನೂ ತಿಳಿಯದು. ಅದರ ಶಾಕ್ ಬಿಚ್ಚಿ ಕೈಯಲ್ಲಿ ಎಳೆದೇ ನೋಡಬೇಕು.

ಮೂರು: ನುಣುಪು ರಸ್ತೆಯಲ್ಲಿ ಒಂದು ವೇಗಕ್ಕೆ ಮಾತ್ರ ನಡುಗುತ್ತದೆಯೇ? ಟೈರು ಗುಂಡಗಿಲ್ಲ, ಚಕ್ರದ ತೂಕ ಸರಿಯಿಲ್ಲ, ಇಲ್ಲವೆ ಪ್ರೊಪೆಲರ್ ಶಾಫ್ಟು ಬಾಗಿದೆ.

ನಾಲ್ಕು: ಕ್ಲಚ್ ಬಿಡುವಾಗ ಒಂದೇ ಒಂದು "ಟಕ್" ಎನ್ನುತ್ತದೆಯೇ? ಅದು ಕುಣಿತವಲ್ಲ, ಕ್ರಾಸ್ ಸವೆದಿರುವ ಸಂಭವ ಹೆಚ್ಚು.

ಇವುಗಳಲ್ಲಿ ನಮ್ಮವರು ಅಲಕ್ಷಿಸುವುದು ಯು ಬೋಲ್ಟನ್ನು. ಅದು ಸಡಿಲವಾದರೆ ಹೌಸಿಂಗು ಬ್ಲೇಡಿನ ಮೇಲೆ ಅಲ್ಲಾಡುತ್ತದೆ, ಎಲ್ಲ ಪೆಟ್ಟು ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ. ಅದು ತುಂಡಾದರೆ ಹೌಸಿಂಗು ಒಂದು ಕಡೆ ಹಿಂದೆ ಸರಿದು ಗಾಡಿ ಅಡ್ಡಡ್ಡ ಓಡುತ್ತದೆ. ಬ್ಲೇಡು ಕೆಲಸ ಮಾಡಿಸಿದ ಗಾಡಿಯ ಯು ಬೋಲ್ಟುಗಳನ್ನು ಮೊದಲ 500 ಕಿಲೋಮೀಟರಿನೊಳಗೆ ಮತ್ತೊಮ್ಮೆ, ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ, ಕರ್ಣಕ್ಕೆ ಕರ್ಣವಾಗಿ ಬಿಗಿಸಬೇಕು. ಇದಕ್ಕೆ ತಗಲುವುದು ಅರ್ಧ ಗಂಟೆ. ಟೈರಿನ ಗಾಳಿಯೂ ಹಾಗೆಯೇ. ಖಾಲಿ ಗಾಡಿಗೆ ಎಷ್ಟು, ತುಂಬಿದ ಗಾಡಿಗೆ ಎಷ್ಟು ಎಂದು ಕಂಪನಿಯವರೇ ತಿಳಿಸಿರುತ್ತಾರೆ. ರೋಣದಿಂದ ಹೇರು ತಂದ ಗಾಳಿಯಲ್ಲೇ ವಾರವಿಡೀ ಖಾಲಿ ಓಡಿಸಿದರೆ ಕುಣಿಯದೆ ಏನು ಮಾಡೀತು?

ಚಾಲಕರಿಗೂ ಒಂದು ಮಾತಿದೆ. ಏರಿನಲ್ಲಿ ಕುಣಿತ ಹುಟ್ಟಿದೊಡನೆ ಕಾಲು ಸಡಿಲಿಸಬೇಕು. "ಹೇಗಾದರೂ ಹತ್ತಿಸುತ್ತೇನೆ" ಎಂದು ಒತ್ತಿ ಹಿಡಿದರೆ ಹತ್ತುವುದು ಗಾಡಿಯಲ್ಲ, ಖರ್ಚು. ಹಿಂದಕ್ಕೆ ಇಳಿಸಿ, ಚಕ್ರದ ಕೆಳಗೆ ಜಲ್ಲಿಯನ್ನೋ ಸೊಪ್ಪನ್ನೋ ಹಾಕಿ, ನಿಧಾನವಾಗಿ ಎರಡನೆಯ ಗೇರಿನಲ್ಲಿ ಪ್ರಯತ್ನಿಸುವುದು ಲೇಸು. ಆದರೆ ಕಾಲು ಎಷ್ಟೇ ನಯವಾಗಿದ್ದರೂ ಸಡಿಲ ಬೋಲ್ಟನ್ನು ಅದು ಬಿಗಿಸಲಾರದು. ಆ ಹೊಣೆ ಮಾಲೀಕರದು.

ಹಣದ ಮಾತಿಗಿಂತ ದೊಡ್ಡದು ಇನ್ನೊಂದಿದೆ. ಕೊಯ್ಲಿನ ದಿನಗಳಲ್ಲಿ ಲೈನಿನಿಂದ ತೋಟಕ್ಕೆ ಕೆಲಸಗಾರರನ್ನು ಪಿಕಪ್ಪಿನ ಹಿಂಭಾಗದಲ್ಲಿ ನಿಲ್ಲಿಸಿ ಒಯ್ಯುವ ಪದ್ಧತಿ ಇನ್ನೂ ಇದೆ. ಅವರು ನಿಂತಿರುವುದು ಈ ಕುಣಿಯುವ ಹೌಸಿಂಗಿನ ನೆತ್ತಿಯ ಮೇಲೆ. ತಿರುವಿನಲ್ಲಿ ಚಕ್ರ ಪುಟಿದರೆ ನೆಲದ ಹಿಡಿತ ಅರ್ಧಕ್ಕರ್ಧ ಹೋದಂತೆಯೇ. ಸರಕಿನ ಗಾಡಿ ಜನರನ್ನು ಸಾಗಿಸಲು ಅಲ್ಲವೆಂದು ಕಾನೂನು ಹೇಳುತ್ತದೆ. ಕಾನೂನು ಹೇಳದಿದ್ದರೂ, ಎಳೆಯ ಮಕ್ಕಳನ್ನು ರೋಣದ ಮನೆಯಲ್ಲಿ ಅಜ್ಜಿಯರ ಬಳಿ ಬಿಟ್ಟು ನಮ್ಮನ್ನು ನಂಬಿ ಬಂದ ತಾಯಂದಿರನ್ನು ಹಾಗೆ ಒಯ್ಯುವುದು ನಮ್ಮ ಮನಸ್ಸಿಗೆ ಒಪ್ಪಬಾರದು.

ಆದುದರಿಂದ ಆಡಳಿತ ಮಂಡಳಿಯ ಮುಂದೆ ನನ್ನ ಸಲಹೆ ಮೂರು. ಕೊಯ್ಲು ಆರಂಭವಾಗುವ ಮೊದಲು, ನವೆಂಬರಿನಲ್ಲಿ ಒಂದು ದಿನ, ಸಂಘದ ಗೋದಾಮಿನ ಅಂಗಳದಲ್ಲಿ ಸದಸ್ಯರ ಗಾಡಿಗಳ ತಳ ತಪಾಸಣೆ ನಡೆಯಲಿ. ಅಳತೆಗೆ ಸರಿಯಾಗಿ ಬಿಗಿಯುವ ಟಾರ್ಕ್ ಸ್ಪ್ಯಾನರ್ ಒಂದನ್ನು ಸಂಘವೇ ಕೊಂಡು ಎಲ್ಲರ ಉಪಯೋಗಕ್ಕೆ ಇಡಲಿ. ಮತ್ತು ಈ ತಪಾಸಣೆ ಆಗದ ಗಾಡಿಯ ರಿಪೇರಿ ಖರ್ಚನ್ನು ಚಾಲಕನ ತಲೆಗೆ ಕಟ್ಟುವುದಿಲ್ಲವೆಂದು ಸದಸ್ಯರು ಒಪ್ಪಿಕೊಳ್ಳಲಿ. ಮೊದಲೆರಡಕ್ಕೆ ಸ್ವಲ್ಪ ಹಣ ಬೇಕು. ಮೂರನೆಯದಕ್ಕೆ ಮನಸ್ಸು ಸಾಕು.

— ಕಾರ್ಯದರ್ಶಿ