ನಾನು ಉಳಿಸಿದವನು ಸತ್ತದ್ದು ಹೇಗೆ?



ತಿಂಗಳ ಪತ್ರಿಕೆಯ ಧಾರಾವಾಹಿಯನ್ನು ತಪ್ಪದೆ ಓದುವವರು ನಿಮ್ಮಲ್ಲಿ ಅನೇಕರಿದ್ದೀರಿ. ಕಳೆದ ಸಂಚಿಕೆಯಲ್ಲಿ ಕಥಾನಾಯಕಿಯ ಅತ್ತೆ ತೀರಿಹೋಗಿ, ಈ ಸಂಚಿಕೆಯಲ್ಲಿ ಅದೇ ಅತ್ತೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರೆ ನೀವು ಸುಮ್ಮನಿರುತ್ತೀರಾ? ಖಂಡಿತ ಇಲ್ಲ. ಸಂಪಾದಕರಿಗೆ ಪತ್ರ ಬರೆಯುತ್ತೀರಿ. ಕಥೆ ತಾನು ಹೇಳಿದ್ದನ್ನು ತಾನೇ ಮರೆತರೆ ಓದುಗರಿಗೆ ಸಿಟ್ಟು ಬರುವುದು ಸಹಜ. ಅದೇ ಸಿಟ್ಟು ಇಂದು ನಮ್ಮ ಮಕ್ಕಳ ಕಂಪ್ಯೂಟರ್ ಆಟಗಳ ಲೋಕದಲ್ಲೂ ಇದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು.

ಸಕಲೇಶಪುರದ ಬಳಿಯ ಆನೇಮಹಲ್‌ನ ಸಹೋದರಿಯೊಬ್ಬರು ಈ ಕುರಿತು ಪತ್ರ ಬರೆದಿದ್ದಾರೆ. ಅವರ ಹಿರಿಯ ಮಗ ಮಂಗಳೂರಿನಲ್ಲಿ ಪದವಿ ಓದುತ್ತಿದ್ದಾನೆ. ರಜೆಯಲ್ಲಿ ಮನೆಗೆ ಬಂದಾಗ ಮಳೆ ಹಿಡಿದುಕೊಂಡಿತು. ತೋಟದ ಕಡೆಗೂ ಹೋಗಲಾಗದೆ ಕಂಪ್ಯೂಟರ್ ಮುಂದೆ ಕುಳಿತವನು ಒಂದು ರಾತ್ರಿ ಊಟಕ್ಕೆ ಕರೆದರೂ ಏಳಲಿಲ್ಲ. ಏನಾಯಿತೆಂದು ಕೇಳಿದ್ದಕ್ಕೆ, “ನಾನು ಉಳಿಸಿದವನನ್ನು ಇವರು ಸಾಯಿಸಿದ್ದಾರೆ ಉಮ್ಮಾ” ಎಂದನಂತೆ. “ಆಟದಲ್ಲಿ ಸತ್ತವನಿಗಾಗಿ ಅನ್ನ ಬಿಡುವ ಇವನಿಗೆ ಬುದ್ಧಿ ಹೇಳಲೇ, ವೈದ್ಯರ ಬಳಿಗೆ ಕರೆದುಕೊಂಡು ಹೋಗಲೇ?” ಎಂಬುದು ತಾಯಿಯ ಪ್ರಶ್ನೆ. ಎರಡಕ್ಕೂ ಮೊದಲು, ಅವನಿಗೆ ನೋವಾದದ್ದು ಯಾವುದರಿಂದ ಎಂದು ತಿಳಿಯೋಣ.

ಆಡುವವರೇ ಕಥೆ ನಡೆಸುವ ಆಟ

ಅವನು ಆಡುತ್ತಿದ್ದುದು ಮಾಸ್ ಎಫೆಕ್ಟ್ ಎಂಬ ಆಟ. ಕೆನಡಾದ ಎಡ್ಮಂಟನ್ ನಗರದ ಬಯೋವೇರ್ ಕಂಪೆನಿ ತಯಾರಿಸಿದ ವಿಜ್ಞಾನ ಕಲ್ಪನೆಯ ಕಥೆ. ಮೊದಲ ಭಾಗ 2007ರಲ್ಲಿ, ಎರಡನೆಯದು 2010ರಲ್ಲಿ, ಮೂರನೆಯದು 2012ರಲ್ಲಿ ಬಂತು. ಇಂತಹ ಆಟಗಳಿಗೆ ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಇಲ್ಲಿ ಗುಂಡು ಹೊಡೆದು ಗೆದ್ದರೆ ಮುಗಿಯುವುದಿಲ್ಲ. ಆಡುವವನು ಕಥೆಯ ಒಬ್ಬ ಪಾತ್ರವಾಗಿ ಇತರರೊಡನೆ ಮಾತಾಡಬೇಕು, ಯಾರನ್ನು ನಂಬಬೇಕು, ಯಾರನ್ನು ಕ್ಷಮಿಸಬೇಕು ಎಂದು ತೀರ್ಮಾನಿಸಬೇಕು. ತೀರ್ಮಾನಕ್ಕೆ ತಕ್ಕಂತೆ ಕಥೆ ತಿರುಗುತ್ತದೆ.

ಇದರಲ್ಲಿ ರೆಕ್ಸ್ ಎಂಬ ಯೋಧನಿದ್ದಾನೆ. ಅವನ ಕುಲದ ಮೇಲೆ ವೈರಿಗಳು ಹಿಂದೆ ಒಂದು ರೋಗವನ್ನು ಬಿಟ್ಟಿದ್ದಾರೆ. ಅದರಿಂದ ಅವರ ಬಹುಪಾಲು ಕೂಸುಗಳು ಸತ್ತೇ ಹುಟ್ಟುತ್ತವೆ. ಮೊದಲ ಭಾಗದಲ್ಲಿ, ಶತ್ರುವಿನ ನೆಲೆಯೊಂದರಲ್ಲಿ ಆ ರೋಗಕ್ಕೆ ಮದ್ದು ಸಿದ್ಧವಾಗಿದೆ ಎಂದು ಗೊತ್ತಾಗುತ್ತದೆ. ಆದರೆ ಆ ನೆಲೆಯನ್ನು ನಾಶ ಮಾಡದೆ ಬೇರೆ ದಾರಿಯಿಲ್ಲ. ರೆಕ್ಸ್ ಬಂದೂಕು ಹಿಡಿದು ತನ್ನವರ ವಿರುದ್ಧವೇ ನಿಲ್ಲುತ್ತಾನೆ. ಆಡುವವನು ಅವನ ನೋವನ್ನು ಅರಿತು ಸಮಾಧಾನಪಡಿಸಿದರೆ ಅವನು ಉಳಿಯುತ್ತಾನೆ, ಇಲ್ಲವಾದರೆ ಅಲ್ಲೇ ಸಾಯುತ್ತಾನೆ. ಆನೇಮಹಲ್‌ನ ಹುಡುಗ ಅವನನ್ನು ಮಾತಿನಿಂದಲೇ ಉಳಿಸಿದ್ದ.

ಈ ತೀರ್ಮಾನಗಳೆಲ್ಲ ಕಂಪ್ಯೂಟರಿನಲ್ಲಿ ಒಂದು ಕಡತವಾಗಿ ಉಳಿಯುತ್ತವೆ. ಮುಂದಿನ ಭಾಗ ಆರಂಭಿಸುವಾಗ ಆಟ ಆ ಕಡತವನ್ನು ಓದಿಕೊಂಡು ಕಥೆ ಮುಂದುವರಿಸುತ್ತದೆ. ಅಂಗಡಿಯವನು ನಿಮ್ಮ ಲೆಕ್ಕದ ಪುಸ್ತಕ ನೋಡಿ ಹಳೆಯ ಬಾಕಿ ಹೇಳುತ್ತಾನಲ್ಲ, ಹಾಗೆ. ಪುಸ್ತಕವೇ ಕಳೆದುಹೋದರೆ? ಆಟ ತನ್ನದೇ ಒಂದು ಸಿದ್ಧ ಕಥೆಯನ್ನು ಹಿಡಿದುಕೊಳ್ಳುತ್ತದೆ. ಆ ಸಿದ್ಧ ಕಥೆಯಲ್ಲಿ ರೆಕ್ಸ್ ಸತ್ತಿರುತ್ತಾನೆ, ಅವನ ಜಾಗದಲ್ಲಿ ರೀವ್ ಎಂಬ ಸಹೋದರನಿರುತ್ತಾನೆ.

ಆ ಪತ್ರದಲ್ಲೇ ಇನ್ನೊಂದು ಸಾಲಿತ್ತು: ಕೆಲವು ತಿಂಗಳ ಹಿಂದೆ ಕಂಪ್ಯೂಟರ್ ಕೆಟ್ಟು, ರಿಪೇರಿಯವರು ಅದರಲ್ಲಿದ್ದುದನ್ನೆಲ್ಲ ಅಳಿಸಿ ಕೊಟ್ಟಿದ್ದರು. ಹುಡುಗನ ಎರಡು ಭಾಗಗಳ ಕಡತ ಹೋದದ್ದು ಅಂದೇ ಇರಬೇಕು. ಮೂರನೆಯ ಭಾಗ ಅವನನ್ನು ಗುರುತೇ ಇಲ್ಲದ ಅಪರಿಚಿತನಂತೆ ಬರಮಾಡಿಕೊಂಡಿತು.

ಚಿಗುರು ತೆಗೆಯದಿದ್ದರೆ ಫಲವಿಲ್ಲ

ಆದರೆ ಕಡತ ಭದ್ರವಾಗಿದ್ದರೂ ಈ ತೊಂದರೆ ಪೂರ್ತಿ ತಪ್ಪುವುದಿಲ್ಲ. ಕಾರಣ ಸರಳ ಗಣಿತ. ಒಂದು ಕಥೆಯಲ್ಲಿ ‘ಹೌದು’ ಅಥವಾ ‘ಇಲ್ಲ’ ಎನ್ನುವ ಹತ್ತು ತೀರ್ಮಾನಗಳಿದ್ದರೆ 1,024 ಬೇರೆ ಬೇರೆ ಕಥೆಗಳಾಗುತ್ತವೆ. ಇಪ್ಪತ್ತು ತೀರ್ಮಾನಗಳಿದ್ದರೆ 10,48,576. ಇಷ್ಟಕ್ಕೂ ಮುಂದಿನ ಭಾಗ ಬರೆಯುವವರು ಯಾರು? ನಿಮ್ಮ ಊರಿನ ತೋಟದಲ್ಲೇ ನೋಡಿ, ಕಾಫಿ ಗಿಡದ ಬೇಡದ ಚಿಗುರನ್ನೆಲ್ಲ ಹಾಗೆಯೇ ಬಿಟ್ಟರೆ ಗಿಡವೆಲ್ಲ ಸೊಪ್ಪಾಗಿ ಫಲ ಕಡಿಮೆಯಾಗುತ್ತದೆ. ಕಥೆಗಾರರೂ ಚಿಗುರು ತೆಗೆಯಲೇಬೇಕು. ಆದರೆ ತೆಗೆದ ಚಿಗುರು ಯಾರೋ ಒಬ್ಬ ಆಟಗಾರನ ಪ್ರೀತಿಯ ಕೊಂಬೆಯಾಗಿರುತ್ತದೆ.

ಇದಕ್ಕೆ ಆಟ ತಯಾರಿಸುವವರು ಹಲವು ಉಪಾಯ ಮಾಡಿದ್ದಾರೆ. 2000ದಲ್ಲಿ ಬಂದ ಡಿಯಸ್ ಎಕ್ಸ್ ಆಟಕ್ಕೆ ಮೂರು ಮುಕ್ತಾಯಗಳಿದ್ದವು. 2003ರಲ್ಲಿ ಬಂದ ಅದರ ಮುಂದಿನ ಭಾಗ ಮೂರನ್ನೂ ಸೇರಿಸಿ, ಎಲ್ಲವೂ ಸ್ವಲ್ಪ ಸ್ವಲ್ಪ ನಡೆದಿತ್ತು ಎಂದುಬಿಟ್ಟಿತು. ಮೂರು ಸಾರನ್ನು ಒಂದೇ ಪಾತ್ರೆಗೆ ಸುರಿದಂತೆ. ಫಾಲ್‌ಔಟ್ ಸರಣಿಯ ಮೊದಲ ಎರಡು ಕಥೆಗಳು ಕ್ಯಾಲಿಫೋರ್ನಿಯಾ ಕಡೆಯವು. 2008ರಲ್ಲಿ ಮೂರನೆಯದನ್ನು ಬೇರೆ ಕಂಪೆನಿ ತಯಾರಿಸಿದಾಗ ಕಥೆಯನ್ನು ದೇಶದ ಇನ್ನೊಂದು ತುದಿಯ ವಾಷಿಂಗ್ಟನ್‌ಗೆ ಒಯ್ದರು. ಮಾಸ್ ಎಫೆಕ್ಟ್‌ನವರು 2017ರಲ್ಲಿ ಇನ್ನೂ ದೂರ ಹೋದರು: ಸುಮಾರು 600 ವರ್ಷಗಳ ಪ್ರಯಾಣ ಮಾಡಿಸಿ ಬೇರೆಯೇ ಗ್ಯಾಲಕ್ಸಿಯಲ್ಲಿ ಹೊಸ ಕಥೆ ತೊಡಗಿದರು.

ನನಗೆ ಮೆಚ್ಚುಗೆಯಾದದ್ದು ಸ್ಟಾರ್ ವಾರ್ಸ್ ಲೋಕದ ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ ಆಟದ ಎರಡನೆಯ ಭಾಗ (2004) ಹಿಡಿದ ದಾರಿ. ಮೊದಲ ಭಾಗದ ರೆವನ್ ಹೆಣ್ಣೇ, ಗಂಡೇ, ಒಳ್ಳೆಯ ದಾರಿ ಹಿಡಿದರೇ, ಕೆಟ್ಟ ದಾರಿ ಹಿಡಿದರೇ ಎಂಬುದನ್ನು ಒಂದು ಪಾತ್ರ ಮಾತಿನ ನಡುವೆ ಆಟಗಾರರಿಂದಲೇ ಕೇಳಿ ತಿಳಿದುಕೊಳ್ಳುತ್ತದೆ. ಮರೆತುಹೋಗಿದ್ದರೆ ಕೇಳುವುದರಲ್ಲಿ ಅವಮಾನವೇನಿದೆ? ಆದರೆ 2011ರ ದಿ ಓಲ್ಡ್ ರಿಪಬ್ಲಿಕ್ ಆಟ ರೆವನ್ ಗಂಡು ಎಂದು ನಿಗದಿ ಮಾಡಿತು. ಎಂಟು ವರ್ಷಗಳ ಹಿಂದೆ ರೆವನ್‌ಳನ್ನು ಹೆಣ್ಣಾಗಿ ಆರಿಸಿ ಆಡಿದ್ದ ಹುಡುಗಿಯರ ಕಥೆ ಒಂದೇ ಏಟಿಗೆ ‘ನಡೆಯದ ಕಥೆ’ಯಾಯಿತು. 2014ರಲ್ಲಿ ಲ್ಯೂಕಾಸ್‌ಫಿಲ್ಮ್ ಕಂಪೆನಿ ಇಂತಹ ಹಳೆಯ ಕಥೆಗಳನ್ನೆಲ್ಲ ‘ಲೆಜೆಂಡ್ಸ್’ ಎಂಬ ಬೇರೆ ಕಪಾಟಿಗೆ ಸರಿಸಿತು.

ಮರೆವು ಬೇರೆ, ಅಲಕ್ಷ್ಯ ಬೇರೆ

ಗಣಿತದಿಂದಾಗುವ ತೊಂದರೆಯನ್ನು ಕ್ಷಮಿಸಬಹುದು. ಅಲಕ್ಷ್ಯದಿಂದಾಗುವ ತಪ್ಪುಗಳೂ ಇವೆ. ಮಾಸ್ ಎಫೆಕ್ಟ್‌ನ ಮೊದಲ ಭಾಗದಲ್ಲಿ ಬಂದೂಕು ಕಾದರೆ ತಣಿಯಲು ಬಿಟ್ಟರೆ ಸಾಕಿತ್ತು. ಎರಡನೆಯ ಭಾಗದಲ್ಲಿ ಅದಕ್ಕೆ ಹೊಸ ಬಗೆಯ ಕ್ಲಿಪ್ ಬೇಕು. ಇದು ನಡುವಿನ ಎರಡು ವರ್ಷಗಳಲ್ಲಿ ಬಂದ ಬದಲಾವಣೆ. ಆದರೆ ಅದೇ ಭಾಗದಲ್ಲಿ, ಹತ್ತು ವರ್ಷಗಳಿಂದ ಹೊರಲೋಕದ ಸಂಪರ್ಕವಿಲ್ಲದೆ ಸಿಕ್ಕಿಬಿದ್ದವರ ಗ್ರಹದಲ್ಲೂ ಆ ಹೊಸ ಕ್ಲಿಪ್‌ಗಳು ಬಿದ್ದುಕೊಂಡಿವೆ! ಸ್ವಾತಂತ್ರ್ಯ ಹೋರಾಟದ ಧಾರಾವಾಹಿಯಲ್ಲಿ ಮೊಬೈಲ್ ರಿಂಗಾದಂತೆ.

ಇದು ನಕ್ಕು ಬಿಡುವ ತಪ್ಪು. ನಗಲಾಗದ ತಪ್ಪೂ ಒಂದಾಯಿತು. ಈ ಆಟದ ಕಥೆಯನ್ನು ಕಾದಂಬರಿಗಳಲ್ಲೂ ಮುಂದುವರಿಸಿದ್ದಾರೆ. ಡ್ರೂ ಕಾರ್ಪಿಶಿನ್ ಬರೆದ 2008ರ ಕಾದಂಬರಿಯಲ್ಲಿ ಜಿಲಿಯನ್ ಎಂಬ ಆಟಿಸಂ ಇರುವ ಬಾಲಕಿ ಬರುತ್ತಾಳೆ. 2012ರಲ್ಲಿ ‘ಡಿಸೆಪ್ಶನ್’ ಎಂಬ ಕಾದಂಬರಿಯನ್ನು ಬೇರೊಬ್ಬ ಲೇಖಕರು ಬರೆದಾಗ ಆ ಬಾಲಕಿಯ ಆಟಿಸಂ ಸುಮ್ಮನೆ ಮಾಯವಾಗಿತ್ತು. ನಮ್ಮಲ್ಲೂ ಅಂತಹ ಮಕ್ಕಳನ್ನು ಸಾಕುವ ತಾಯಂದಿರಿದ್ದಾರೆ. ಆಟಿಸಂ ಬೆಳೆಯುತ್ತಾ ಬಿಟ್ಟುಹೋಗುವ ನೆಗಡಿಯಲ್ಲ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಓದುಗರು ಪುಸ್ತಕದ ತಪ್ಪುಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. ಮುಂದಿನ ಮುದ್ರಣಗಳಲ್ಲಿ ತಿದ್ದುವುದಾಗಿ ಹೇಳಬೇಕಾಯಿತು.

ಕೈಗಳು ಹೆಚ್ಚಾದಷ್ಟೂ ಇಂತಹ ತಪ್ಪಿನ ಭಯ ಹೆಚ್ಚು. ದೊಡ್ಡ ಆಟವೊಂದಕ್ಕೆ ನೂರಾರು ಜನ ದುಡಿಯುತ್ತಾರೆ. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರ್ಯಾಕ್ಟಿವ್ ಕೂಡ ವಿದೇಶಿ ಆಟಗಳಿಗೆ ಚಿತ್ರಕೆಲಸ ಮಾಡಿಕೊಡುತ್ತಿತ್ತು. ಇಷ್ಟು ಜನರ ನಡುವೆ ಕಥೆಯ ನೆನಪು ಕಾಯಲೆಂದೇ ಒಬ್ಬರು ಬೇಕು. ಲ್ಯೂಕಾಸ್‌ಫಿಲ್ಮ್‌ನಲ್ಲಿ 2000ದಿಂದ ಲೇಲ್ಯಾಂಡ್ ಚೀ ಎಂಬವರು ಸ್ಟಾರ್ ವಾರ್ಸ್ ಕಥೆಗಳ ಹೆಸರು, ಊರು, ಘಟನೆಗಳ ದಾಖಲೆಯನ್ನು ನೋಡಿಕೊಂಡು ಬಂದರು. ಮನೆತನದ ಮದುವೆ, ಹೆರಿಗೆ, ಸಾವುಗಳ ವರ್ಷವನ್ನೆಲ್ಲ ನೆನಪಿಟ್ಟು ಹೇಳುವ ಅಜ್ಜಿಯ ಕೆಲಸ ಅದು. ಬರವಣಿಗೆಯಲ್ಲಿ ಆಸಕ್ತಿಯಿರುವ ನಮ್ಮ ಹೆಣ್ಣುಮಕ್ಕಳು ಇಂತಹ ಉದ್ಯೋಗವೂ ಇದೆಯೆಂದು ತಿಳಿದಿರಲಿ.

ಬಣ್ಣ ಮೂರು, ರುಚಿ ಒಂದೇ

ಮಾಸ್ ಎಫೆಕ್ಟ್‌ನ ಮೂರನೆಯ ಭಾಗ 2012ರ ಮಾರ್ಚ್‌ನಲ್ಲಿ ಬಂದಾಗ ದೊಡ್ಡ ಗಲಾಟೆಯೇ ಆಯಿತು. ನಿಮ್ಮ ತೀರ್ಮಾನಗಳಿಗೆ ಬೆಲೆಯಿದೆ ಎಂದು ಐದು ವರ್ಷ ಹೇಳಿಕೊಂಡು ಬಂದ ಕಥೆ, ಕೊನೆಯಲ್ಲಿ ಎಲ್ಲರನ್ನೂ ಕೆಂಪು, ನೀಲಿ, ಹಸಿರು ಎಂಬ ಮೂರೇ ಬಣ್ಣದ ಮುಕ್ತಾಯಗಳ ಮುಂದೆ ತಂದು ನಿಲ್ಲಿಸಿತು. ಬಣ್ಣ ಬಿಟ್ಟರೆ ಮೂರಕ್ಕೂ ವ್ಯತ್ಯಾಸ ಅಲ್ಪ. ಇದಕ್ಕೂ ಮೊದಲೇ, ತನ್ನ ಕುಲದ ಕೊನೆಯ ತಾಯಿಯಾದ ಒಂದು ಜೀವಿಯನ್ನು ಮೊದಲ ಭಾಗದಲ್ಲಿ ಕೊಂದರೂ ಬಿಟ್ಟರೂ ಮೂರನೆಯದರಲ್ಲಿ ಅಂತಹದೇ ಒಬ್ಬ ತಾಯಿ ಎದುರಾಗುತ್ತಿದ್ದಳು.

ಆಟಗಾರರು ಏನು ಮಾಡಿದರು ಗೊತ್ತೇ? ಬೈದವರು ಇದ್ದರು, ನಿಜ. ಆದರೆ ಕೆಲವರು ಪ್ರತಿಭಟನೆಯ ಹೆಸರಿನಲ್ಲಿ ಆಸ್ಪತ್ರೆಯ ಮಕ್ಕಳಿಗೆ ನೆರವಾಗುವ ಸಂಸ್ಥೆಯೊಂದಕ್ಕೆ 80,000 ಡಾಲರ್‌ನಷ್ಟು ಹಣ ಕೂಡಿಸಿದರು. ಇನ್ನು ಕೆಲವರು ಕಂಪೆನಿಗೆ ಸುಮಾರು 400 ಕಪ್‌ಕೇಕ್ ಕಳುಹಿಸಿದರು. ಮೇಲೆ ಕೆಂಪು, ನೀಲಿ, ಹಸಿರು ಕೆನೆ. ಒಳಗೆ ಎಲ್ಲದರದ್ದೂ ಒಂದೇ ವೆನಿಲ್ಲಾ ರುಚಿ. ಕಂಪೆನಿಯವರು ಅವನ್ನು ಊರಿನ ಯುವಜನರ ಆಶ್ರಯಧಾಮಕ್ಕೆ ಕೊಟ್ಟರು. ಅದೇ ಜೂನ್‌ನಲ್ಲಿ ಮುಕ್ತಾಯವನ್ನು ಹಿಗ್ಗಿಸಿ, ವಿವರಿಸಿ ಉಚಿತವಾಗಿ ನೀಡಿದರು. ಎಲ್ಲರೂ ಒಪ್ಪಲಿಲ್ಲ, ಆದರೆ ದೂರು ಕೇಳಿಸಿಕೊಂಡದ್ದಂತೂ ನಿಜ.

ತಾಯಂದಿರು ಮಾಡಬಹುದಾದದ್ದು

ಆನೇಮಹಲ್‌ನ ಸಹೋದರಿಗೆ ಮೂರು ಮಾತು. ಒಂದು, ಮಗನಿಗೆ ಹುಚ್ಚು ಹಿಡಿದಿಲ್ಲ. ಮಾತಿನಿಂದ ಒಂದು ಜೀವ ಉಳಿಸಿದೆನೆಂಬ ಅವನ ಸಂತೋಷವನ್ನು ಯಂತ್ರ ಅಳಿಸಿತು, ಅದಕ್ಕೆ ನೊಂದಿದ್ದಾನೆ. “ಆಟ ತಾನೇ” ಎಂದು ನಗುವ ಬದಲು, “ಅವನನ್ನು ಏಕೆ ಉಳಿಸಿದೆ?” ಎಂದು ಕೇಳಿ ನೋಡಿ. ಮಗನ ಮನಸ್ಸಿನ ಬಗ್ಗೆ ನಿಮಗೆ ಗೊತ್ತಿಲ್ಲದ ಸಂಗತಿ ತಿಳಿದೀತು. ಹಾಗೆಂದು ಒಂದು ರಾತ್ರಿಯ ಬೇಸರ ವಾರಗಟ್ಟಲೆ ಊಟ, ನಿದ್ರೆ, ಓದನ್ನು ಕೆಡಿಸುವುದಾದರೆ ವೈದ್ಯರ ಸಲಹೆ ಪಡೆಯಲು ಹಿಂಜರಿಯಬೇಡಿ.

ಎರಡು, ಹನ್ನೆರಡು ವರ್ಷದ ತಮ್ಮನೂ ಅಣ್ಣನ ಪಕ್ಕದಲ್ಲಿ ಕುಳಿತು ನೋಡುತ್ತಾನೆಂದು ಬರೆದಿದ್ದೀರಿ. ಮಾಸ್ ಎಫೆಕ್ಟ್‌ನ ಮೂರೂ ಭಾಗಗಳಿಗೆ ಅಮೆರಿಕದ ವಯೋಮಾನ ಸೂಚಿಸುವ ಸಂಸ್ಥೆ 17 ಮೇಲ್ಪಟ್ಟವರಿಗೆ ಎಂಬ ಗುರುತು ಕೊಟ್ಟಿದೆ. ರಕ್ತಪಾತವೂ ಇದೆ, ಮಕ್ಕಳಿಗೆ ತಕ್ಕುದಲ್ಲದ ದೃಶ್ಯಗಳೂ ಇವೆ. ಚಿಕ್ಕವನನ್ನು ಅಲ್ಲಿಂದ ಎಬ್ಬಿಸುವುದೇ ಸರಿ.

ಮೂರು, ಕಂಪ್ಯೂಟರನ್ನು ರಿಪೇರಿಗೆ ಕೊಡುವ ಮುನ್ನ ಬೇಕಾದ ಕಡತಗಳನ್ನು ಪೆನ್‌ಡ್ರೈವ್‌ಗೆ ಹಾಕಿಡಲು ಹೇಳಿ. ಮಗನ ಆಟ ಮಾತ್ರವಲ್ಲ, ನಿಮ್ಮ ಮನೆಯ ಮದುವೆಯ ಫೋಟೋಗಳೂ ಅದರಲ್ಲೇ ಇರಬಹುದು.

ಉಳಿದ ಓದುಗರಲ್ಲೂ ಒಂದು ವಿನಂತಿ. ಕಥೆ ಕೊಟ್ಟ ಮಾತನ್ನು ಇಷ್ಟು ನೆನಪಿಡುವ ಮಕ್ಕಳು ನಾವು ಕೊಟ್ಟ ಮಾತನ್ನು ಮರೆಯುತ್ತಾರೆಯೇ? ಪರೀಕ್ಷೆ ಮುಗಿದ ಮೇಲೆ ಕರೆದುಕೊಂಡು ಹೋಗುತ್ತೇನೆಂದ ಊರು, ಅಂಕ ಬಂದರೆ ಕೊಡಿಸುತ್ತೇನೆಂದ ಸೈಕಲ್, ‘ನಿನ್ನ ಅಭಿಪ್ರಾಯವನ್ನೂ ಕೇಳುತ್ತೇವೆ’ ಎಂದು ಮಗಳಿಗೆ ಹೇಳಿದ್ದು—ಇವೆಲ್ಲ ಅವರ ಮನಸ್ಸಿನಲ್ಲಿ ಹಾಗೆಯೇ ಇರುತ್ತವೆ. ನಡೆಸಿಕೊಡಲಾಗದಿದ್ದರೆ ಕಾರಣ ಹೇಳಿ, ಹೇಳಿಯೇ ಇರಲಿಲ್ಲವೆನ್ನಬೇಡಿ. ನಿಮ್ಮ ಮನೆಯಲ್ಲಿ ಮಕ್ಕಳು ಹೀಗೆ ನೆನಪಿಸಿದ ಮಾತು ಯಾವುದು? ಬರೆದು ತಿಳಿಸಿ, ಮುಂದಿನ ತಿಂಗಳು ಅದರ ಬಗ್ಗೆ ಮಾತನಾಡೋಣ.