ಬೆಂಕಿ ಬಿದ್ದ ಮೇಲಷ್ಟೇ ಲೆಕ್ಕಕ್ಕೆ ಸಿಗುವ ಕಾರ್ಮಿಕರು

ದಿಲ್ಲಿಯ ಮುಂಡ್ಕಾ ಮೆಟ್ರೋ ನಿಲ್ದಾಣದ ಬಳಿಯ ಬಹುಮಹಡಿ ಕಟ್ಟಡವೊಂದರಲ್ಲಿ 2022ರ ಮೇ 13ರಂದು ಸಂಭವಿಸಿದ ಬೆಂಕಿ ಅನಾಹುತದಲ್ಲಿ 27 ಮಂದಿ ಮೃತಪಟ್ಟರು. ಸಿಸಿಟಿವಿ ಕ್ಯಾಮರಾ, ರೂಟರ್‌ಗಳನ್ನು ಜೋಡಿಸುವ ಘಟಕವದು. ಮಡಿದವರಲ್ಲಿ ಮಹಿಳೆಯರೇ ಅಧಿಕ. ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಇರಲಿಲ್ಲ, ಹೊರಬರಲು ಒಂದೇ ದಾರಿ. ಅದಕ್ಕೂ ಮೊದಲು, 2019ರ ಡಿಸೆಂಬರ್ 8ರ ನಸುಕಿನಲ್ಲಿ, ಅನಾಜ್ ಮಂಡಿಯ ಇಕ್ಕಟ್ಟಾದ ಕಾರ್ಖಾನೆಯಲ್ಲಿ ದುಡಿದು ಅಲ್ಲಿಯೇ ಮಲಗಿದ್ದ 43 ಮಂದಿ ಅಸುನೀಗಿದ್ದರು. ಹೆಚ್ಚಿನವರನ್ನು ಕೊಂದದ್ದು ಜ್ವಾಲೆಯಲ್ಲ, ಹೊಗೆ. 2018ರ ಜನವರಿಯಲ್ಲಿ ಬವಾನಾದ ಪಟಾಕಿ ಘಟಕ ಬಲಿ ಪಡೆದದ್ದು 17 ಮಂದಿಯನ್ನು.

ಪ್ರತಿ ಬಾರಿಯೂ ಮಂತ್ರಿಗಳ ಭೇಟಿ, ಪರಿಹಾರದ ಘೋಷಣೆ, ಮಾಲಕರ ಬಂಧನ. ಕಾರಣ ಕೇಳಿದರೆ ಶಾರ್ಟ್ ಸರ್ಕ್ಯೂಟ್ ಎಂಬ ಸಿದ್ಧ ಉತ್ತರ. ಶಾರ್ಟ್ ಸರ್ಕ್ಯೂಟ್ ಎಲ್ಲಿಯೂ ಆಗಬಹುದು. ಆದರೆ ಜನ ಸಾಯುವುದು ಮೆಟ್ಟಿಲ ಮೇಲೆ ಪೇರಿಸಿಟ್ಟ ರಟ್ಟಿನ ಪೆಟ್ಟಿಗೆಗಳಿಂದ, ಬೀಗ ಹಾಕಿದ ಬಾಗಿಲಿನಿಂದ, ಗ್ರಿಲ್ ಬಿಗಿದ ಕಿಟಕಿಯಿಂದ. ಬೆಂಕಿ ಬಿದ್ದಾಗ ಪಾರಾಗುವ ದಾರಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 38ನೇ ಕಲಮೇ ಹೇಳಿತ್ತು. ಕಾನೂನಿನ ಕೊರತೆ ಎಂದೂ ಇರಲಿಲ್ಲ. ಅದು ಸಣ್ಣ ಘಟಕಗಳ ಹೊಸಿಲು ದಾಟಿ ಒಳಹೋಗಲಿಲ್ಲ, ಅಷ್ಟೇ.

ಈಗಂತೂ ಹೊಸಿಲೇ ಎತ್ತರವಾಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಸುರಕ್ಷತೆಗೆ ಸಂಬಂಧಿಸಿದ ಸಂಹಿತೆಯ ಪ್ರಕಾರ, ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು 20 ಕಾರ್ಮಿಕರಿರಬೇಕು. ಹಿಂದೆ 10 ಮಂದಿ ಸಾಕಿತ್ತು. ವಿದ್ಯುತ್ ಇಲ್ಲದ ಕಡೆ 20 ಇದ್ದದ್ದು 40 ಆಗಿದೆ. ಒಂದೊಂದು ಮಹಡಿಯಲ್ಲಿ ಹದಿನೈದು ಮಂದಿಯನ್ನು ಬೇರೆ ಬೇರೆ ಗುತ್ತಿಗೆದಾರರ ಹೆಸರಿನಲ್ಲಿ ಕೂರಿಸುವವರಿಗೆ ಇದಕ್ಕಿಂತ ಅನುಕೂಲ ಬೇರೇನು ಬೇಕು? ಇನ್‌ಸ್ಪೆಕ್ಟರರ ಹುದ್ದೆಗೂ ಈಗ ಸಲಹೆಗಾರನ ಬಾಲ ಅಂಟಿಕೊಂಡಿದೆ.

ಹಾಗೆಂದು ಸಂಹಿತೆಯಲ್ಲಿ ಒಳ್ಳೆಯದೇ ಇಲ್ಲವೆನ್ನುವಂತಿಲ್ಲ. ನೇಮಕಾತಿ ಪತ್ರ ಕೊಡುವುದು ಕಡ್ಡಾಯವಾಗಿದೆ. ಕಾಗದದಲ್ಲಿ ಹೆಸರಿದ್ದರೆ ಇಎಸ್‌ಐ ನೋಂದಣಿಗೆ ದಾರಿಯಾಗುತ್ತದೆ. ಇಎಸ್‌ಐ ಇದ್ದ ಕಾರ್ಮಿಕ ಕೆಲಸದಲ್ಲಿರುವಾಗ ಅಪಘಾತದಿಂದ ಸತ್ತರೆ ಅವಲಂಬಿತರಿಗೆ ವೇತನದ ಶೇ. 90ರ ದರದಲ್ಲಿ ತಿಂಗಳು ತಿಂಗಳು ಹಣ ಬರುತ್ತದೆ. ಮಂತ್ರಿಗಳು ಒಮ್ಮೆ ಘೋಷಿಸುವ ಮೊತ್ತಕ್ಕೂ ಇದಕ್ಕೂ ಅಜಗಜಾಂತರ. ಒಂದು ದಾನ, ಇನ್ನೊಂದು ಹಕ್ಕು.

ಇದು ಬಿಹಾರ, ಉತ್ತರ ಪ್ರದೇಶದವರ ಸಮಸ್ಯೆಯೆಂದು ರಾಜಧಾನಿಯ ಕನ್ನಡಿಗರು ಸುಮ್ಮನಿರುವುದು ಸರಿಯಲ್ಲ. ನೋಯ್ಡಾ, ಗುರುಗ್ರಾಮ, ಫರೀದಾಬಾದ್‌ಗಳ ಸಂಸ್ಥೆಗಳಲ್ಲಿ ಮ್ಯಾನೇಜರ್, ಲೆಕ್ಕಪರಿಶೋಧಕ, ವಕೀಲರಾಗಿರುವ ಕನ್ನಡಿಗರಿದ್ದಾರೆ. ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿವೆ, ಯಂತ್ರದ ಮುಂದೆ ಎಷ್ಟು ಮಂದಿ ನಿಂತಿದ್ದಾರೆ ಎಂಬುದು ಇಂಥವರಿಗೆ ತಿಳಿಯದ ಸಂಗತಿಯೇನಲ್ಲ. ಮುಂಬಯಿಯ ತುಳು ಕನ್ನಡಿಗರ ಸಂಘಗಳು ಹಿಂದೆ ರಾತ್ರಿಶಾಲೆ ನಡೆಸಿ ಹೋಟೆಲ್ ಹುಡುಗರಿಗೆ ಅಕ್ಷರ ಕಲಿಸಿದವು. ದಿಲ್ಲಿಯ ಸಂಘಗಳು ನಾಟಕ, ಯಕ್ಷಗಾನಗಳ ನಡುವೆ ತಿಂಗಳಿಗೊಂದು ರವಿವಾರವನ್ನು ಇದಕ್ಕೆ ಮೀಸಲಿಡಬಹುದು. ಯಾವ ಭಾಷೆಯವರೇ ಬರಲಿ, ನೇಮಕಾತಿ ಪತ್ರ ಓದಿ ಹೇಳಿ, ಇಎಸ್‌ಐ ಸಂಖ್ಯೆ ಇದೆಯೇ ನೋಡಿ, ಇಲ್ಲದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಬರೆದುಕೊಡುವಷ್ಟು ತಿಳಿವಳಿಕೆಯುಳ್ಳವರು ಸದಸ್ಯರಲ್ಲೇ ಇದ್ದಾರೆ.